ಹನ್ನೊಂದು ಸುತ್ತು

ಕುಷ್ಟಗಿಯ ಅಲ್ಲಾಸಾಬನ ಮನೆಯಲ್ಲಿ, ನಡುಮನೆಯ ಗೋಡೆಗೆ ಕ್ಯಾಲೆಂಡರಿಗೆಂದು ಹೊಡೆದ ಒಂದು ಮೊಳೆ ಇದೆ. ಹನ್ನೊಂದು ವರ್ಷದಿಂದ ಅದಕ್ಕೆ ಕ್ಯಾಲೆಂಡರು ತೂಗಿಲ್ಲ. ತೂಗುತ್ತಿರುವುದು ಕುದುರೆಯ ಒಂದು ನಾಲು, ಗೊರಸಿಗೆ ಹೊಡೆಯುವ ಲಾಳ. ಮುಂಗಾಲಿನದು, ಬಲಗಾಲಿನದು; ಅದಕ್ಕೆ ಹೊಡೆದಿದ್ದ ಆರು ಮೊಳೆಗಳು ಇನ್ನೂ ಅದರ ತೂತುಗಳಲ್ಲೇ ಇವೆ. ಗೋಡೆಗೆ ಸುಣ್ಣ ಬಳಿಯುವಾಗಲೆಲ್ಲ ಹೆಂಡತಿ ರಜಿಯಾಬೇಗಂ ಅದನ್ನು ಇಳಿಸುತ್ತಾಳೆ. ಸುಣ್ಣ ಆರುವ ಮೊದಲೇ ಅವನು ಮತ್ತೆ ಏರಿಸುತ್ತಾನೆ. ಮನೆಗೆ ಬಂದವರು ಅದೃಷ್ಟಕ್ಕೆಂದು ತೂಗುಹಾಕಿದ್ದಾರೆ ಎಂದುಕೊಳ್ಳುತ್ತಾರೆ. ಅದೃಷ್ಟಕ್ಕಲ್ಲ. ಪ್ರಭುರಾಜನನ್ನು ಮರೆಯಬಾರದೆಂದು.

ಎತ್ತು, ಕುದುರೆಗಳ ಗೊರಸಿಗೆ ಕಬ್ಬಿಣದ ನಾಲು ಕಟ್ಟುವುದು ಅಲ್ಲಾಸಾಬನ ಮನೆತನದ ಕಸುಬು. ಅಡ್ಡಹೆಸರೇ ನಾಲಬಂದ. ಅವನಿಗೀಗ ಅರವತ್ತೊಂದು ವರ್ಷ. ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ; ಉಳಿದದ್ದನ್ನೆಲ್ಲ ಕಲಿಸಿದವನು ಅವನಪ್ಪ. ಕುದುರೆ ಕುಂಟಿದರೆ ಮೊದಲು ಕಣ್ಣು ಮುಚ್ಚಿಕೊಂಡು ಗಟ್ಟಿನೆಲದ ಮೇಲೆ ಗೊರಸಿನ ಸಪ್ಪಳ ಕೇಳಬೇಕು. ನಾಲ್ಕು ಸಪ್ಪಳದಲ್ಲಿ ಒಂದು ಮೆತ್ತಗೆ ಬಿದ್ದರೆ ಆ ಕಾಲಿನಲ್ಲಿ ನೋವಿದೆ. ಆಮೇಲೆ ಕಣ್ಣು ತೆರೆದು ತಲೆ ನೋಡಬೇಕು. ಕಾಲು ನೋಡುವುದು ಕೊನೆಗೆ. ಈ ಕ್ರಮವನ್ನು ಅಲ್ಲಾಸಾಬ ನಲವತ್ತೈದು ವರ್ಷದಲ್ಲಿ ಒಮ್ಮೆಯೂ ಹಿಂದುಮುಂದು ಮಾಡಿದವನಲ್ಲ.

ಟಾಂಗಾಗಳು ಆಟೋಗಳಿಗೆ ದಾರಿ ಬಿಟ್ಟುಕೊಟ್ಟ ಮೇಲೆ ಕುಷ್ಟಗಿ, ಯಲಬುರ್ಗಾ ಕಡೆ ಉಳಿದ ಕುದುರೆಗಳು ಎರಡೇ ಬಗೆಯವು: ಮದುವೆ ಮೆರವಣಿಗೆಯವು ಮತ್ತು ಗಾಡಿ ಕಟ್ಟಿ ಪಂದ್ಯದಲ್ಲಿ ಓಡಿಸುವ ಶರ್ಯತ್ತಿನವು. ಶರ್ಯತ್ತಿನ ಕುದುರೆಗಳಲ್ಲಿ ಆಗ ಹೆಸರು ಮಾಡಿದ್ದು ಸರದಾರ. ಬೀಜ ಗೊಬ್ಬರದ ದೊಡ್ಡ ಅಂಗಡಿಯ ಪ್ರಭುರಾಜನ ಕುದುರೆ ಅದು. ಪ್ರಭುರಾಜ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: "ಗೊರಸಿನ ಮುಂದಿನ ತುದಿ ಉದ್ದ ಬಿಡೋ ಅಲ್ಲಾಸಾಬ. ಹೆಜ್ಜಿ ದೊಡ್ಡದು ಬೀಳ್ತಾವ." ಬೇಡ, ಹಿಮ್ಮಡಿಯ ಮೇಲೆ ಭಾರ ಬಿದ್ದು ಒಳಗೆ ಕೆಡುತ್ತದೆ ಎಂದು ಅಲ್ಲಾಸಾಬ ಎರಡು ಸಲ ಹೇಳಿದ್ದ. ಮೂರನೆಯ ಸಲ ಹೇಳಲಿಲ್ಲ.

ಒಂದು ಸೋಮವಾರ ನಾಲು ಕಟ್ಟಿದ. ಬುಧವಾರ ಸರದಾರ ಕುಂಟಿತು. ಪ್ರಭುರಾಜ ಬೇರೆ ಯಾರಿಂದಲೋ ಬಲಗಾಲಿನ ನಾಲು ಕೀಳಿಸಿಕೊಂಡು ಬಂದು, ಬಸ್‌ಸ್ಟ್ಯಾಂಡಿನ ಹತ್ತಿರ ಸಿದ್ದಲಿಂಗೇಶನ ಚಹಾದ ಹೋಟೆಲಿನ ಮುಂದೆ ಕೂತಿದ್ದ ಅಲ್ಲಾಸಾಬನ ಕಾಲಬುಡಕ್ಕೆ ಅದನ್ನು ಎಸೆದ.

"ಜೀವಕ್ಕ ಮೊಳಿ ಹೊಡದಾನ್ರೀ ಇಂವ! ಎತ್ತಿನ ಕಾಲಿಗೆ ಬಡಿಯಾಂವ ಕುದುರಿ ಕಾಲು ಮುಟ್ಟಬಾರದು. ಇನ್ನ ಮ್ಯಾಲೆ ಯಾರರ ಇವನ ಕೈಯಾಗ ಕುದುರಿ ಕೊಟ್ರ, ಕುಂಟಿದ್ದು ಅವರ ಕುದುರಿ ಅಲ್ಲ, ಅವರ ಬುದ್ಧಿ ಅಂತ ತಿಳೀರಿ."

ಗೊರಸಿನ ಹೊರಗಿನ ಪದರು ಉಗುರಿನಂತೆ ಸತ್ತದ್ದು. ಮೊಳೆ ಅದರಲ್ಲೇ ಹಾದು ಹೊರಬರಬೇಕು. ಒಳಗಿನ ಮೆತ್ತನೆಯ ಭಾಗಕ್ಕೆ 'ಜೀವ' ಎನ್ನುತ್ತಾರೆ. ಅದಕ್ಕೆ ಮೊಳೆ ಹೊಡೆಯುವುದಕ್ಕಿಂತ ದೊಡ್ಡ ತಪ್ಪು ಈ ಕಸುಬಿನಲ್ಲಿ ಇಲ್ಲ. ಹೋಟೆಲಿನ ಮುಂದಿದ್ದ ಮೂವತ್ತು ಜನ ನಕ್ಕರು. ಅಲ್ಲಾಸಾಬ ನಾಲನ್ನು ಎತ್ತಿಕೊಂಡು ಮೊಳೆಗಳನ್ನು ಒಂದೊಂದಾಗಿ ನೋಡಿದ. ಜೀವ ಮುಟ್ಟಿದ ಮೊಳೆ ಒದ್ದೆಯಾಗಿ, ಕಪ್ಪಾಗಿ, ನಾರುತ್ತ ಬರುತ್ತದೆ. ಆರೂ ಒಣಗಿದ್ದವು, ಹೊಳೆಯುತ್ತಿದ್ದವು. ಅದನ್ನು ತೋರಿಸಲು ತಲೆಯೆತ್ತಿದಾಗ ಪ್ರಭುರಾಜನ ಬೆನ್ನು ಕಾಣುತ್ತಿತ್ತು.

ಮೂರು ತಿಂಗಳು ಒಂದು ಕುದುರೆಯೂ ಅವನ ಬಾಗಿಲಿಗೆ ಬರಲಿಲ್ಲ. ಕಬ್ಬಿಣ ಕಾಯಿಸಿ ಬಗ್ಗಿಸುತ್ತಿದ್ದವನು ಗಿಣಿಗೇರಾದ ಕಾರ್ಖಾನೆಗೆ ಹೋಗಿ ಆರು ವರ್ಷ ಕಬ್ಬಿಣ ಹೊತ್ತ. ರಜಿಯಾಬೇಗಂ ಓಣಿಯವರ ಜಂಪರು ಹೊಲಿದಳು. ಮೊಣಕಾಲು ಸೋತ ಮೇಲೆ ಅವನು ಊರಿಗೆ ಮರಳಿ, ಅಳಿದುಳಿದ ಎತ್ತುಗಳಿಗೆ ನಾಲು ಕಟ್ಟತೊಡಗಿದ. ಪ್ರಭುರಾಜನ ಕಾರು ಎದುರಾದಾಗಲೆಲ್ಲ ಅವನು ರಸ್ತೆಯ ನಡುವೆಯೇ ನಡೆಯುತ್ತಿದ್ದ. ಹಾರ್ನ್ ಮೂರು ಸಲ ಹೊಡೆದ ಮೇಲೆ ಪಕ್ಕಕ್ಕೆ ಸರಿಯುತ್ತಿದ್ದ. ಅವನ ಸೇಡು ಅಷ್ಟು ವರ್ಷ ಅಷ್ಟೇ ದೊಡ್ಡದಿತ್ತು, ಮೂರು ಹಾರ್ನಿನಷ್ಟು.

*

ಈ ವರ್ಷ ಪ್ರಭುರಾಜನ ಹತ್ತಿರ ಇದ್ದದ್ದು ಮುತ್ತಿ ಎಂಬ ಬೂದು ಬಣ್ಣದ ಹೆಣ್ಣುಕುದುರೆ. ಎರಡು ಶರ್ಯತ್ತು ಗೆದ್ದಿದ್ದ ಮುತ್ತಿ ಮೂರನೆಯದರಲ್ಲಿ ಅರ್ಧ ದಾರಿಗೇ ತಲೆ ಕುಣಿಸುತ್ತ ನಿಂತಿತು. ಐದು ಜನ ನಾಲಬಂದರು ನೋಡಿದರು. ಎಲ್ಲರೂ ಮುಂದಿನ ಬಲಗಾಲು ಎಂದರು. ಬಲಗಾಲಿಗೆ ಅರಿಸಿನ, ಎಣ್ಣೆ, ಬಿಸಿ ಹೊಟ್ಟಿನ ಕಟ್ಟು ಎಲ್ಲ ಆಯಿತು. ಕುಂಟು ಹೋಗಲಿಲ್ಲ. ಯಲಬುರ್ಗಾ ಕಡೆಯ ದೊಡ್ಡ ಶರ್ಯತ್ತು ಬರುವ ಭಾನುವಾರವೇ ಇತ್ತು.

ತಾಲೂಕಿನ ಪಶು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಅಮೃತಾ ಗಂಗಾವತಿಯ ಹುಡುಗಿ. ಎತ್ತುಗಳ ಕಾಲು ನೋಡುವಾಗ ಅವಳು ಅಲ್ಲಾಸಾಬನನ್ನು ಕರೆಸಿಕೊಳ್ಳುತ್ತಿದ್ದಳು. ಒಮ್ಮೆ ಅವನು ಬರೀ ಕೆಸರಿನಲ್ಲಿನ ಹೆಜ್ಜೆ ನೋಡಿ ಯಾವ ಎತ್ತಿನ ಯಾವ ಕಾಲು ಎಂದು ಹೇಳಿದ್ದನ್ನು ಕಂಡಿದ್ದಳು. ಪ್ರಭುರಾಜ ಬಂದಾಗ ನೇರವಾಗಿ ಹೇಳಿದಳು: "ನಾ ನೋಡ್ತೀನ್ರಿ. ಆದ್ರ ನನ್ನ ಜೋಡಿ ಅಲ್ಲಾಸಾಬ ಚಾಚಾ ಇರಬೇಕು."

ಹಾಗಾಗಿ ಬುಧವಾರ ಪ್ರಭುರಾಜನ ಕಾರು ಅಲ್ಲಾಸಾಬನ ಮನೆಯ ಮುಂದೆ ನಿಂತಿತು. ಅವನು ಇಳಿಯಲಿಲ್ಲ. ಗಾಜು ಇಳಿಸಿದ.

"ಏನೋ ಅಲ್ಲಾಸಾಬ, ಆರಾಮೇನು? ಹಳೇದೆಲ್ಲ ತಲ್ಯಾಗ ಇಟ್ಕೋಬ್ಯಾಡ. ನಾಳೆ ಬಂದು ಕುದುರಿ ಕಾಲು ನೋಡಿ ಹೋಗು."

"ನೋಡ್ತೀನ್ರಿ ಸಾವ್ಕಾರ್ರ. ನಿಮ್ಮ ಮನ್ಯಾಗ ಅಲ್ಲ, ಸಿದ್ದಲಿಂಗೇಶನ ಹೋಟೆಲ್ ಮುಂದ."

"ಅಲ್ಯಾಕ? ಅಲ್ಲಿ ಮಂದಿ ಇರ್ತಾರ."

"ಡಾಂಬರ್ ರೋಡು ಸಮ ಐತ್ರಿ. ಸಪ್ಪಳ ಛಲೋ ಕೇಳಸ್ತದ." ಅಲ್ಲಾಸಾಬ ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. "ಇನ್ನೊಂದು ಮಾತು. ಕುದುರಿ ಹಗ್ಗ ಹಿಡದು ನೀವಽ ಓಡಸಬೇಕು. ಆಳಿನ ಕೈಯಾಗ ಕೊಟ್ರ ಅದು ನಡಿಗಿ ಬದಲಸ್ತದ."

ಹೋಟೆಲಿನ ಮುಂದಿನ ರಸ್ತೆ ಸಮವಾಗಿರುವುದು ನಿಜ. ಎರಡನೆಯ ಮಾತು ಅರ್ಧ ನಿಜ.

ಕಾರು ಹೋದ ಮೇಲೆ ರಜಿಯಾಬೇಗಂ ಒಳಗಿಂದ ಬಂದಳು. "ಆ ನಾಲು ಒಯ್ದು ಅವನ ಹಣಿಗೆ ಬಡದು ಬರ್ರಿ."

"ಬಡದ್ರ ಒಂದಽ ಸರ್ತಿ ಆಗ್ತದ," ಎಂದ ಅಲ್ಲಾಸಾಬ. "ಹನ್ನೊಂದು ಸರ್ತಿ ಆಗಬೇಕು. ವರ್ಷಕ್ಕೊಂದು."

*

ಗುರುವಾರ ಬಿಸಿಲು ಏರುವ ಹೊತ್ತಿಗೆ ಹೋಟೆಲಿನ ಮುಂದೆ ಜನ ಸೇರಿದ್ದರು. ಸಿದ್ದಲಿಂಗೇಶ ಬೆಂಚುಗಳನ್ನು ಹೊರಗೆ ಹಾಕಿಸಿದ್ದ. ಅಲ್ಲಾಸಾಬ ಚೀಲದಲ್ಲಿ ಕತ್ತಿ, ಇಕ್ಕಳ, ಅರ, ಸುತ್ತಿಗೆಗಳ ಜೊತೆ ಗೋಡೆಯ ನಾಲನ್ನೂ ತಂದಿದ್ದ.

"ಆ ಲೈಟಿನ ಕಂಬದ ತನಕ ಹೋಗಿ ವಾಪಸ್ ಬರ್ರಿ ಸಾವ್ಕಾರ್ರ. ನಡಿಗಿಗಿಂತ ಜೋರು, ನಾಗಾಲೋಟಕ್ಕಿಂತ ಕಡಿಮಿ. ಹಗ್ಗ ಸಡಲ ಬಿಡ್ರಿ, ತಲಿ ಆಡಾಕ ಜಾಗಾ ಬೇಕು."

ಕಂಬ ಎಂಬತ್ತು ಹೆಜ್ಜೆ ದೂರ. ಐವತ್ತೆಂಟರ ಪ್ರಭುರಾಜ ಬಿಳಿ ಪ್ಯಾಂಟು, ಬಿಳಿ ಅಂಗಿಯಲ್ಲಿ ಓಡಿದ. ಅಲ್ಲಾಸಾಬ ರಸ್ತೆಗೆ ಬೆನ್ನು ಹಾಕಿ ಕಣ್ಣು ಮುಚ್ಚಿಕೊಂಡು ನಿಂತ. ಟಕ್, ಟಕ್, ಟಕ್, ತಪ್. ಟಕ್, ಟಕ್, ಟಕ್, ತಪ್.

ಎರಡನೆಯ ಸುತ್ತಿಗೆ ತಿರುಗಿ ಮುತ್ತಿಯ ತಲೆ ನೋಡಿದ. ಅಷ್ಟಕ್ಕೆ ಅವನ ಕೆಲಸ ಮುಗಿಯಿತು. ಎಡಗಾಲು.

"ಇನ್ನೊಂದು ಸರ್ತಿ, ಸಾವ್ಕಾರ್ರ."

ಮೂರನೆಯ ಸುತ್ತಿಗೆ ಪ್ರಭುರಾಜನ ಅಂಗಿ ಪ್ಯಾಂಟಿನಿಂದ ಹೊರಬಂತು. ನಾಲ್ಕನೆಯದಕ್ಕೆ ಜೇಬಿನ ಫೋನು ರಸ್ತೆಗೆ ಬಿತ್ತು, ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಬೆಂಚಿನಿಂದ ಯಾರೋ ಕೂಗಿದರು: "ಸಾವ್ಕಾರ್ರ, ಕುಂಟಾಕತ್ತಿದ್ದು ಕುದುರಿ ಏನು ನೀವೇನು?" ಬೆಂಚುಗಳೆಲ್ಲ ನಕ್ಕವು. ಅಲ್ಲಾಸಾಬ ಆ ನಗುವನ್ನು ಬಾಯಾರಿದವನು ನೀರು ಕುಡಿಯುವಂತೆ ಕುಡಿದ. ಹನ್ನೊಂದು ವರ್ಷದ ಹಿಂದೆ ಇದೇ ಜಾಗದಲ್ಲಿ ಇದೇ ನಗು ಅವನ ಮೇಲೆ ಬಿದ್ದಿತ್ತು.

"ಇನ್ನೊಂದು ಸರ್ತಿ."

ಐದನೆಯ ಸುತ್ತು ಮುಗಿಸಿ ಪ್ರಭುರಾಜ ಮೊಣಕಾಲಿಗೆ ಕೈಯೂರಿ ನಿಂತ. ಪಕ್ಕದಲ್ಲಿ ಮುತ್ತಿ ಎಡಗಾಲನ್ನು ಮುಂದಕ್ಕೆ ಚಾಚಿ, ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿತು. ಅದರ ಕತ್ತು ಬೆವರಿನಿಂದ ಕಪ್ಪಾಗಿತ್ತು.

ಡಾಕ್ಟರ್ ಅಮೃತಾ ಅಲ್ಲಾಸಾಬನ ಹತ್ತಿರ ಬಂದು ದನಿ ತಗ್ಗಿಸಿದಳು. "ಚಾಚಾ, ಎರಡನೇ ಸುತ್ತಿಗೇ ನಿಮಗ ಗೊತ್ತಾಗೇತಿ. ನಾ ನಿಮ್ಮ ಮಾರಿ ನೋಡಾಕತ್ತಿದ್ದೆ, ಕುದುರೀದಲ್ಲ."

ಅಲ್ಲಾಸಾಬ ಚೀಲದ ಬಾಯಿ ಬಿಚ್ಚತೊಡಗಿದ.

"ಅವರು ಓಡಿದ್ದಕ್ಕ ನನಗೂ ನಗು ಬಂತು. ಆದ್ರ ಅವರ ಜೋಡಿ ಇದೂ ಓಡೇತಿ."

ಇನ್ನೂ ಆರು ಸುತ್ತು ಉಳಿದಿದ್ದವು. ಅಲ್ಲಾಸಾಬ ಚಾಚಿದ ಕಾಲನ್ನು ಒಂದು ಗಳಿಗೆ ನೋಡಿ, ಜನರ ಕಡೆ ತಿರುಗಿದ.

"ಹೇಳ್ರಿ, ಯಾವ ಕಾಲು?"

"ಬಲಗಾಲು!" ಎಂದರು ಹತ್ತು ಜನ ಒಟ್ಟಿಗೆ. "ಬಲಗಾಲು ಊರಿದಾಗಲೇ ತಲಿ ಹಾಕ್ತದಲ್ಲ, ಕಣ್ಣಿಗೆ ಕಾಣಸ್ತದ."

"ಸಿದ್ದಲಿಂಗೇಶಣ್ಣ, ನಿನ್ನ ಎಡಗಾಲಿಗೆ ಮುಳ್ಳು ನಟ್ಟೈತಿ ಅಂತ ತಿಳಿ. ನಡದು ತೋರಸು."

ಸಿದ್ದಲಿಂಗೇಶ ಚಹಾದ ಸೋಸಣಿಗೆ ಕೈಯಲ್ಲೇ ಹಿಡಿದು ಕುಂಟಿ ತೋರಿಸಿದ. ಮುಳ್ಳಿನ ಕಾಲು ಊರುವಾಗ ಅವನ ಮೈ ಮೇಲೆದ್ದಿತು. ಗಟ್ಟಿ ಕಾಲಿನ ಮೇಲೆ ಧೊಪ್ಪೆಂದು ಇಳಿಯಿತು.

"ನೋಡಿದ್ರ್ಯಾ? ತಲಿ ಬಗ್ಗೂದು ಗಟ್ಟಿ ಕಾಲಿನ ಮ್ಯಾಲೆ. ನೋಯೂ ಕಾಲು ನೆಲಾ ಮುಟ್ಟಿದಾಗ ತಲಿ ಮ್ಯಾಲೇಳ್ತದ, ಭಾರ ಹಗುರಾಗಲಿ ಅಂತ. ನೀವೆಲ್ಲಾ ಬಗ್ಗಿದ್ದು ನೋಡೀರಿ. ಎದ್ದಿದ್ದು ನೋಡಿಲ್ಲ."

ಪ್ರಭುರಾಜ ಉಸಿರು ಹಿಡಿದುಕೊಂಡೇ ಕೇಳಿದ: "ಐದು ಮಂದಿ ಬಲಗಾಲು ಅಂದಾರ. ನೀ ಒಬ್ಬಾಂವ ಶಾಣ್ಯಾ?"

"ನನ್ನ ಮಾತು ನಂಬಬ್ಯಾಡ್ರಿ. ಡಾಕ್ಟರಮ್ಮನ ಸೂಜಿ ನಂಬ್ರಿ."

ಅಲ್ಲಾಸಾಬ ಮೊದಲು ಇಕ್ಕಳದಿಂದ ಬಲ ಗೊರಸನ್ನು ಸುತ್ತಲೂ ಒತ್ತಿದ. ಮುತ್ತಿ ಕಿವಿಯನ್ನೂ ಆಡಿಸಲಿಲ್ಲ. ಎಡ ಗೊರಸಿನ ಹಿಮ್ಮಡಿಗೆ ಇಕ್ಕಳ ಬಿಗಿಯುತ್ತಲೇ ಕಾಲು ಕಿತ್ತುಕೊಂಡಿತು. ಆಮೇಲೆ ಅಮೃತಾ ಆ ಕಾಲಿನ ಹಿಮ್ಮಡಿಯ ಮೇಲೆ ಎರಡು ಬದಿಗೂ ಕೂದಲು ಕತ್ತರಿಸಿ, ಒರೆಸಿ, ಮರಗಟ್ಟಿಸುವ ಮದ್ದನ್ನು ನರದ ಪಕ್ಕಕ್ಕೆ ಚುಚ್ಚಿದಳು. ಹಲ್ಲು ಕೀಳುವ ಮೊದಲು ಕೊಡುವಂಥದೇ ಮದ್ದು. ನೋವಿರುವ ಜಾಗ ಅದೇ ಆಗಿದ್ದರೆ ಕುಂಟು ಸ್ವಲ್ಪ ಹೊತ್ತು ಹೋಗಬೇಕು. ಬೇರೆ ಕಡೆ ಇದ್ದರೆ ಹೋಗಬಾರದು. ಊಹೆಗೆ ಜಾಗವಿಲ್ಲದ ಪರೀಕ್ಷೆ. ಹತ್ತು ನಿಮಿಷ ಕಾದರು.

ಆರನೆಯ ಸುತ್ತು. ಟಕ್, ಟಕ್, ಟಕ್, ಟಕ್. ಮುತ್ತಿಯ ತಲೆ ತಟ್ಟೆಯಲ್ಲಿಟ್ಟ ನೀರಿನಂತೆ ನಿಶ್ಚಲವಾಗಿತ್ತು.

ಮೊದಲು ಮಾತಾಡಿದವನು ಪ್ರಭುರಾಜ. ಅವನ ಮುಖ ಅರಳಿತ್ತು. "ಅಡ್ಡಿ ಇಲ್ಲ ಬಿಡ್ರಿ! ಇದಽ ಸೂಜಿ ಭಾನುವಾರ ಮುಂಜಾನೆ ಹಾಕಿಸಿದ್ರ ಆತಲ್ಲ!"

"ಆಗಂಗಿಲ್ರಿ," ಎಂದಳು ಅಮೃತಾ. "ನೋವು ಹೋಗೇತಿ, ರೋಗ ಹೋಗಿಲ್ಲ. ಹಂಗಽ ಓಡಿಸಿದ್ರ ಕಾಲು ಮುರೀತದ."

"ನೀವು ಹಾಕದಿದ್ರ ಹಾಕವರು ಬ್ಯಾರೆ ಇದ್ದಾರ ಮೇಡಂ. ಗೆದ್ದ ಮ್ಯಾಲೆ ಆರು ತಿಂಗಳು ಕಟ್ಟಿ ಹಾಕಿ ಮೇಯಸ್ತೀನಿ."

ಅಲ್ಲಾಸಾಬನಿಗೆ ಭಾನುವಾರದ ಚಿತ್ರ ಕಣ್ಣಿಗೆ ಕಟ್ಟಿತು. ಮರಗಟ್ಟಿದ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಓಡುವ ಕುದುರೆ; ಒಂದು ತಿರುವು; ಗಾಡಿಯ ಚಕ್ರ ಮೇಲಕ್ಕೆ; ಬಿಳಿ ಅಂಗಿ ಮಣ್ಣಿನಲ್ಲಿ. ಹನ್ನೊಂದು ವರ್ಷ ಅವನು ಬೇಡಿಕೊಂಡದ್ದು ಹೆಚ್ಚುಕಡಿಮೆ ಇದನ್ನೇ. ಅವನು ಏನೂ ಮಾಡಬೇಕಾಗಿರಲಿಲ್ಲ. ಚೀಲ ಎತ್ತಿಕೊಂಡು ಮನೆಗೆ ಹೋದರೆ ಸಾಕಿತ್ತು.

ಒಮ್ಮೆ ಹಾಗೆಯೇ ಹೋಗಿದ್ದ. ಅದನ್ನು ಅವನು ರಜಿಯಾಬೇಗಂಗೂ ಹೇಳಿಲ್ಲ. ಸರದಾರನ ನಾಲು ಕಾಲಬುಡಕ್ಕೆ ಬಿದ್ದ ದಿನ, ರಸ್ತೆಯಾಚೆ ಟೆಂಪೋ ಹತ್ತುತ್ತಿದ್ದ ಸರದಾರನ ತಲೆ ಎಡಗಾಲಿಗೆ ಮೇಲೇಳುವುದನ್ನು ಅವನು ಕಂಡಿದ್ದ. ಗಟ್ಟಿ ಕಾಲಿಗೆ ಕಟ್ಟು ಕಟ್ಟುತ್ತಾರೆ, ನೋಯುವ ಕಾಲಿನ ಮೇಲೆ ಓಡಿಸುತ್ತಾರೆ ಎಂದು ಅವನಿಗೆ ಗೊತ್ತಾಗಿತ್ತು. ಓಡಿಸಲಿ, ಅನುಭವಿಸಲಿ ಎಂದು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದ. ಹದಿನೈದು ದಿನಕ್ಕೆ ಸರದಾರ ಶರ್ಯತ್ತಿನ ದಾರಿಯಲ್ಲೇ ಬಿದ್ದು ಮತ್ತೆ ಏಳಲಿಲ್ಲ. ಪ್ರಭುರಾಜನಿಗೆ ಏನೂ ಆಗಲಿಲ್ಲ.

ಮುತ್ತಿ ಎಡಗಾಲನ್ನು ಒಂದು ಚೂಪು ಜಲ್ಲಿಕಲ್ಲಿನ ಮೇಲೆ ಊರಿ ನಿಂತಿತ್ತು. ಅದಕ್ಕೆ ಗೊತ್ತೇ ಆಗಿರಲಿಲ್ಲ.

"ಸಾವ್ಕಾರ್ರ," ಎಂದ ಅಲ್ಲಾಸಾಬ ಮೆತ್ತಗೆ, "ಸೂಜಿ ಇಳಿಯೂದರಾಗ ಗೊರಸಿನ ತಳಾ ನೋಡಬೇಕು. ಸ್ವಲ್ಪ ಕಾಲು ಹಿಡೀರಿ."

ಪ್ರಭುರಾಜ ಕಾಲು ಮಡಚಿ ಹಿಡಿದ. ಅಲ್ಲಾಸಾಬ ಮೊಳೆಗಳನ್ನು ಬಿಡಿಸಿ ನಾಲು ತೆಗೆದ. ತಳ ನೋಡಲು ತೆಗೆದನೆಂದು ಪ್ರಭುರಾಜ ಸುಮ್ಮನಿದ್ದ. ಮರುಗಳಿಗೆಗೆ ದೊಡ್ಡ ಇಕ್ಕಳ ಗೊರಸಿನ ಮುಂತುದಿಯನ್ನು ಕಚ್ಚಿತು. ಕಟಕ್. ಎರಡು ಬೆರಳಗಲದ ತುಂಡು ರಸ್ತೆಗೆ ಬಿತ್ತು. ಕಟಕ್. ಇನ್ನೊಂದು.

"ಏ! ಏನ್ ಮಾಡಾಕತ್ತಿ? ಉದ್ದ ತುದಿ ಕತ್ತರಿಸಿಬಿಟ್ಟೆಲ್ಲೋ! ಭಾನುವಾರ ಮೊಳಿ ಎಲ್ಲಿ ಹಿಡೀಬೇಕು?"

"ಎಲ್ಲೂ ಹಿಡ್ಯಂಗಿಲ್ರಿ. ಗೊರಸು ಬೆಳೀಬೇಕು. ಅಲ್ಲೀ ತನಕ ಕೊಪ್ಪಳ ಜಿಲ್ಲಾದಾಗ ಯಾವ ನಾಲಬಂದನೂ ಇದಕ್ಕ ನಾಲು ಕಟ್ಟಾಕ ಬರಂಗಿಲ್ಲ. ಬರಿಗಾಲಾಗ ಗರಸಿನ ಕಲ್ಲುದಾರಿ ಓಡಂಗಿಲ್ಲ."

ಪ್ರಭುರಾಜ ಡಾಕ್ಟರ್ ಕಡೆ ನೋಡಿದ. ಅಮೃತಾ ಸಿರಿಂಜಿನ ಮುಚ್ಚಳ ಹುಡುಕುತ್ತಿದ್ದಳು. "ತುದಿ ಗಿಡ್ಡ ಮಾಡೂದು ಇದಕ್ಕ ಮೊದಲನೇ ಔಷಧರಿ," ಎಂದಳು ತಲೆಯೆತ್ತದೆ.

"ಇನ್ನೊಂದು ಕಾಲು ಹಿಡೀರಿ," ಎಂದ ಅಲ್ಲಾಸಾಬ. "ಏನು, ಒಂದು ಗಿಡ್ಡ ಒಂದು ಉದ್ದ ಇಟ್ಕೊಂಡು ಹೋಗ್ತೀರಿ?"

ಹಿಡಿಯದೆ ದಾರಿಯಿರಲಿಲ್ಲ. ತನ್ನ ಶರ್ಯತ್ತು ತುಂಡು ತುಂಡಾಗಿ ಉದುರುವುದನ್ನು ಪ್ರಭುರಾಜ ತಾನೇ ಕಾಲು ಹಿಡಿದು ನೋಡಿದ. ಅರ ಹಾಕಿ ಮುಗಿಸಿದ ಮೇಲೆ ಅಲ್ಲಾಸಾಬ ಚೀಲದಿಂದ ಹಳೆಯ ನಾಲನ್ನು ತೆಗೆದು ಅವನ ಕೈಗೆ ಕೊಟ್ಟ. ಎಸೆಯಲಿಲ್ಲ.

"ಸರದಾರಂದು. ಬಲಗಾಲಿಂದು. ಆರೂ ಮೊಳಿ ನೋಡ್ರಿ."

ಪ್ರಭುರಾಜ ನೋಡಿದ. ಬೀಜದ ವ್ಯಾಪಾರಿ, ಕೆಟ್ಟದ್ದು ಯಾವುದು, ಗಟ್ಟಿ ಯಾವುದು ಎಂದು ಕೈಗೆ ತಿಳಿಯುತ್ತದೆ. ಅವನ ಕುತ್ತಿಗೆ ಕೆಂಪಗಾಯಿತು. ನಾಲನ್ನು ಬೆಂಚಿನ ಮೇಲಿಟ್ಟ.

"ಸೇಡು ತೀರಿಸಿಕೊಂಡಿ ನೀ."

"ಹೌದ್ರಿ," ಎಂದ ಅಲ್ಲಾಸಾಬ, ನಾಲನ್ನು ಚೀಲಕ್ಕೆ ಮರಳಿ ಹಾಕುತ್ತ. "ಅರ್ಧ."

ಉಳಿದರ್ಧವನ್ನು ಡಾಕ್ಟರ್ ಅಮೃತಾ ಆಸ್ಪತ್ರೆಯ ಚೀಟಿಯಲ್ಲಿ ಬರೆದಳು: ಶರ್ಯತ್ತು ಬಂದ್. ಮೆತ್ತನೆ ನೆಲದ ಮೇಲೆ ನಡಿಗೆ ಮಾತ್ರ. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ತಪಾಸಣೆ, ಒಟ್ಟು ಐದು ಸಲ. ತಪಾಸಣೆಗೆ ಒಂದೇ ಸುತ್ತು, ಇದೇ ರಸ್ತೆಯಲ್ಲಿ. ಕೊನೆಯ ಸಾಲು ಬರೆಯುವ ಮೊದಲು ಅವಳು ಅಲ್ಲಾಸಾಬನ ಮುಖ ನೋಡಿದಳು. ಆಮೇಲೆ ಬರೆದಳು: ಮಾಲೀಕರೇ ಓಡಿಸತಕ್ಕದ್ದು.

*

ಮೊದಲ ಸಲ ಪ್ರಭುರಾಜ ಬೆಳಿಗ್ಗೆ ಆರಕ್ಕೇ ಬಂದ, ಜನ ಸೇರುವ ಮೊದಲು ಮುಗಿಸಲು. ಅಲ್ಲಾಸಾಬ ಹತ್ತು ಗಂಟೆಗೆ ಹೋದ. ಎರಡನೆಯ ಸಲ ಹಗುರವಾದ, ಮುಂತುದಿ ಉರುಟಾಗಿದ್ದ ಹೊಸ ನಾಲು ಕಟ್ಟಿದ. ಮೂರನೆಯದಕ್ಕೆ ಪ್ರಭುರಾಜ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದ. "ಸಾವ್ಕಾರ್ರಿಗೂ ನಾಲು ಬದಲಾಗ್ಯಾವ," ಎಂದ ಸಿದ್ದಲಿಂಗೇಶ, ಎಲ್ಲರಿಗೂ ಕೇಳುವಂತೆ. ಅಷ್ಟರಲ್ಲಿ ಯಲಬುರ್ಗಾ ಕಡೆಯಿಂದ ಎರಡು, ಕೊಪ್ಪಳದಿಂದ ಒಂದು ಕುದುರೆ ಅಲ್ಲಾಸಾಬನ ಬಾಗಿಲಿಗೆ ಬಂದಿದ್ದವು.

ಐದನೆಯ ಸಲ, ಲೆಕ್ಕದಲ್ಲಿ ಹನ್ನೊಂದನೆಯ ಸುತ್ತು. ಅಲ್ಲಾಸಾಬ ಬೆನ್ನು ಹಾಕಿ ಕಣ್ಣು ಮುಚ್ಚಿ ನಿಂತ. ಟಕ್, ಟಕ್, ಟಕ್, ಟಕ್. ಸೂಜಿಯಿಲ್ಲದೆ. ಅವನು ಕಣ್ಣು ತೆರೆಯಲಿಲ್ಲ. ಇನ್ನೂ ಸ್ವಲ್ಪ ಕೇಳಬೇಕೆನಿಸಿತು. ಆಗ ಬೆನ್ನ ಹಿಂದೆ, ಬಸ್ಸಿಗೆ ಕಾಯುತ್ತಿದ್ದ ಯಾರೋ ಪರವೂರಿನವನು ಕೇಳಿದ್ದು ಕಿವಿಗೆ ಬಿತ್ತು:

"ಛಲೋ ಐತ್ರೀ ಕುದುರಿ. ಏನಾಗಿತ್ತು?"

"ಎಡಗಾಲ ಹಿಮ್ಮಡಿ ಒಳಗ ಕೆಟ್ಟಿತ್ತು," ಎಂದಿತು ಪ್ರಭುರಾಜನ ಏದುಸಿರು. "ಇದರ ಮೊದ್ಲು ಸರದಾರ ಅಂತ ಒಂದಿತ್ತು. ಅದರದೂ ಎಡಗಾಲಽ. ತುದಿ ಉದ್ದ ಬಿಡಸ್ತಿದ್ದಾಂವ ನಾನಽ. ಮೊಳಿ ತಪ್ಪಲ್ಲ."

ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಸದ್ದು ನಿಂತಿತು.

ಅಲ್ಲಾಸಾಬ ತಿರುಗಲಿಲ್ಲ. ಮುಖ ತೋರಿಸುವ ಮನಸ್ಸಿರಲಿಲ್ಲ. ಬಗ್ಗಿ ಚೀಲಕ್ಕೆ ಅರ ಹಾಕಿದ, ಇಕ್ಕಳ ಹಾಕಿದ, ಮತ್ತೆ ತೆಗೆದು ಮತ್ತೆ ಹಾಕಿದ. ಪ್ರಭುರಾಜ ಹಗ್ಗ ಹಿಡಿದುಕೊಂಡೇ ಹತ್ತಿರ ಬಂದ.

"ಆ ನಾಲು ಇನ್ನೂ ಐತೇನೋ? ಸರದಾರಂದು ಅಂತ ನನ್ನ ಹಂತ್ಯಾಕ ಏನೂ ಉಳದಿಲ್ಲ. ಕೊಡ್ತೀಯೇನು?"

ಅಲ್ಲಾಸಾಬ ಎದ್ದು ನಿಂತು ಮುತ್ತಿಯ ಕುತ್ತಿಗೆ ತಟ್ಟಿದ.

"ಇಲ್ರಿ," ಎಂದ. "ಅದು ನನ್ನ ಗ್ವಾಡೀದು."

ಚೀಲ ಹೆಗಲಿಗೇರಿಸಿಕೊಂಡು ಮನೆಯ ಕಡೆ ಹೊರಟ. ಈ ಸಲ ರಸ್ತೆಯ ಪಕ್ಕದಲ್ಲಿ.